ಪಡೆದ ಹಾಡನ್ನು ಒಪ್ಪಿಸುವ ಬಗೆ

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಗಲೀಸಿಯಾ ಎಂಬ ಮಳೆಯ ನಾಡಿದೆ. ಅಲ್ಲಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ನಗರದ ಪ್ರಧಾನಾಲಯಕ್ಕೆ, ಪ್ರೇಷಿತ ಸಂತ ಯಕೋಬರದೆಂದು ನಂಬಲಾದ ಸಮಾಧಿಯನ್ನು ಕಾಣಲು, ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಯಾತ್ರಾರ್ಥಿಗಳು ನಡೆದು ಬರುತ್ತಿದ್ದಾರೆ. ಆ ದೇವಾಲಯದ ಪಶ್ಚಿಮಕ್ಕೆ 'ಮಹಿಮಾದ್ವಾರ'ವೆಂಬ ಕಲ್ಲಿನ ಬಾಗಿಲಿದೆ. ಶಿಲ್ಪಿ ಮತೇಯೊ 1188ರಲ್ಲಿ ಅದರ ತೊಲೆಗಲ್ಲುಗಳನ್ನು ಕೂರಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಬಾಗಿಲ ಮೇಲಣ ಕಮಾನಿನಲ್ಲಿ ಪ್ರಕಟನಾ ಗ್ರಂಥದ 24 ಮಂದಿ ಹಿರಿಯರು ಸಾಲಾಗಿ ಕುಳಿತಿದ್ದಾರೆ. ಸಂತ ಯೊವಾನ್ನರು ಕಂಡ ದರ್ಶನದಲ್ಲಿ ಅವರ ಕೈಯಲ್ಲಿದ್ದುದು ಕಿನ್ನರಿ ಮತ್ತು ಧೂಪದ ಪಾತ್ರೆ. ಶಿಲ್ಪಿ ಮಾತ್ರ ತಾನು ಕಣ್ಣಾರೆ ಕಂಡ ವಾದ್ಯಗಳನ್ನೇ ಅವರ ಕೈಗಿತ್ತ. ಬಿಲ್ಲಿನಿಂದ ನುಡಿಸುವ ಪಿಟೀಲಿನಂಥವು, ಬೆರಳಿನಿಂದ ಮೀಟುವಂಥವು ಅಲ್ಲಿವೆ. ಕಮಾನಿನ ನಡುಮಧ್ಯದಲ್ಲಿ ಇಬ್ಬರು ಹಿರಿಯರು ಒಂದೇ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಒಬ್ಬನು ಹಿಡಿ ತಿರುಗಿಸಿ ಚಕ್ರವನ್ನು ತಂತಿಗಳಿಗೆ ಉಜ್ಜಿಸಬೇಕು, ಮತ್ತೊಬ್ಬನು ಸ್ವರಗಳನ್ನು ಹಿಡಿಯಬೇಕು. ಇದರ ಹೆಸರು ಆರ್ಗನಿಸ್ಟ್ರಮ್.

ಎಂಟು ಶತಮಾನಗಳ ಕಾಲ ಆ ವಾದ್ಯಗಳು ಮೌನವಾಗಿದ್ದವು. 1990ರ ಸುಮಾರಿಗೆ ಸಂಗೀತ ಇತಿಹಾಸಕಾರ ಹೊಸೆ ಲೋಪೆಸ್-ಕಾಲೊ ಅವರ ಮಾರ್ಗದರ್ಶನದಲ್ಲಿ ಕುಶಲಿಗಳು ಆ ಕಲ್ಲಿನ ರೂಪಗಳ ಅಳತೆ ತೆಗೆದು, ಮರ, ತಂತಿ, ಚರ್ಮಗಳಿಂದ ನಿಜವಾದ ವಾದ್ಯಗಳನ್ನು ಕಟ್ಟಿದರು. ಅವುಗಳಿಂದ ನಾದ ಹೊರಟಿತು. ಆದರೆ ಒಂದು ಪ್ರಶ್ನೆ ಅಂದು ಹುಟ್ಟಿತು, ಇಂದಿಗೂ ಇದೆ. ವಾದ್ಯದ ಆಕಾರವನ್ನು ಕಲ್ಲು ಹೇಳುತ್ತದೆ. ಅದರೊಳಗೆ ಎಷ್ಟು ತೆಳುವಾದ ಹಲಗೆ ಇತ್ತು, ತಂತಿ ಎಷ್ಟು ಬಿಗಿಯಾಗಿತ್ತು, ಆ ಹಿರಿಯರು ಯಾವ ರಾಗವನ್ನು ನುಡಿಸಲು ಅಣಿಯಾಗುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಹೀಗಿರುವಾಗ ಈ ನಾದ ಹಳೆಯದೋ ಹೊಸದೋ? ಇದು ಸತ್ಯವೋ, ಸತ್ಯದ ವೇಷವೋ?

ಇದು ಸಂಗೀತ ಪಂಡಿತರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ದಯವಿಟ್ಟು ಪುಟ ತಿರುವಬೇಡಿ. ತಂದೆತಾಯಿಗಳಿಂದ ಏನನ್ನಾದರೂ ಪಡೆದು ಮಕ್ಕಳಿಗೆ ಏನನ್ನಾದರೂ ಕೊಡಬೇಕೆಂದಿರುವ ಪ್ರತಿಯೊಬ್ಬರ ಮುಂದೆಯೂ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದು ನಿಲ್ಲುತ್ತದೆ. ಪಡೆದುದಕ್ಕೆ ನಿಷ್ಠರಾಗಿರುವುದು ಎಂದರೇನು? ಸ್ಪೇನಿನ ಜನಪದ ಹಾಡುಗಳನ್ನು ಆ ಕಾಲದ ವಾದ್ಯಗಳಲ್ಲಿಯೇ ನುಡಿಸಿ ಧ್ವನಿಮುದ್ರಿಸಿದವರ ಕೆಲಸವನ್ನು ಮುಂದಿಟ್ಟುಕೊಂಡು ಇದನ್ನು ಆಲೋಚಿಸೋಣ.

ವಾದ್ಯ ಏಕೆ ಮುಖ್ಯ?

ಹಾಡು ಮುಖ್ಯವಲ್ಲವೇ, ಅದನ್ನು ಯಾವ ವಾದ್ಯದಲ್ಲಿ ನುಡಿಸಿದರೇನು ಎಂದು ನೀವು ಕೇಳಬಹುದು. ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ 1931ರಲ್ಲಿ ಸ್ಪೇನಿನ ಹಳೆಯ ಜನಪದ ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಮುದ್ರಿಸಿದರು. ನರ್ತಕಿ ಲಾ ಅರ್ಹೆಂತಿನಿತಾ ಹಾಡಿದರು; ಕವಿ ಸ್ವತಃ ಪಿಯಾನೋ ನುಡಿಸಿದರು. ಸ್ಪೇನ್ ಆ ಹಾಡುಗಳನ್ನು ಇಂದಿಗೂ ಹಾಡುತ್ತದೆ. ಅವು ಉಳಿದುದರಲ್ಲಿ ಆ ತಟ್ಟೆಗಳ ಪಾಲು ದೊಡ್ಡದು. ಆದರೂ ಪಿಯಾನೋ ಹಳ್ಳಿಯ ವಾದ್ಯವಲ್ಲ, ಸಿರಿವಂತರ ಪಡಸಾಲೆಯ ವಾದ್ಯ. ಅದರ ಸ್ವರಗಳ ನಡುವಣ ಅಂತರಗಳೆಲ್ಲ ಸಮಪಾಲಾಗಿ ಹಂಚಿಹೋಗಿವೆ. ಕುರಿಗಾಹಿಯ ಗಂಟಲಿನಲ್ಲಿ ಎರಡು ಸ್ವರಗಳ ನಡುವೆ ತೂಗಾಡುವ ಮೂರನೆಯ ಸ್ವರಕ್ಕೆ ಆ ಮನೆಗಳಲ್ಲಿ ಜಾಗವಿಲ್ಲ.

ಹಳ್ಳಿಯ ವಾದ್ಯಗಳು ಬೇರೆಯೇ. ಕಸ್ತೀಲ್ ಬಯಲುಸೀಮೆಯ ದುಲ್ಸೈನಾ ನಮ್ಮ ಶಹನಾಯಿಯ ಬಂಧು. ಜೋಡಿ ಎಲೆಯ ಊದುಕೊಳವೆಯಿಂದ ಹೊರಡುವ ಅದರ ದನಿ ಊರ ಚೌಕವನ್ನೆಲ್ಲ ತುಂಬುತ್ತದೆ. ಆರ್ಗನಿಸ್ಟ್ರಮಿನ ವಂಶದಲ್ಲಿ ಹುಟ್ಟಿದ, ಒಬ್ಬನೇ ನುಡಿಸಬಲ್ಲ ಸನ್‌ಫೋನಾ ಗಲೀಸಿಯಾದಲ್ಲಿ ಸಂತೆಯಿಂದ ಸಂತೆಗೆ ಅಲೆದು ಕಥನಗೀತೆ ಹಾಡುವ ಅಂಧ ಗಾಯಕರ ಜೀವನೋಪಾಯವಾಗಿತ್ತು. ಅದು ಕಣ್ಮರೆಯಾಗುತ್ತಿದ್ದ ಕಾಲದಲ್ಲಿ ಫೌಸ್ತೀನೊ ಸಂತಾಲಿಸೆಸ್ (1877-1960) ಎಂಬುವರು ಅದನ್ನು ನುಡಿಸಿ, ಹಾಡಿ, ಉಳಿಸಿದರು. ಪೈರಿನೀಸ್ ಬೆಟ್ಟಗಳ ಅರಗೋನ್ ಸೀಮೆಯಲ್ಲಿ ತಂತಿಗಳನ್ನು ಬಿಗಿದ ಉದ್ದನೆಯ ಮರದ ಪೆಟ್ಟಿಗೆಯೊಂದಿದೆ, ಹೆಸರು ಚಿಕೊತೆನ್. ನುಡಿಸುವವನು ಒಂದು ಕೈಯಲ್ಲಿ ಕೋಲು ಹಿಡಿದು ತಂತಿಗಳನ್ನು ಬಡಿಯುತ್ತಾನೆ, ಇನ್ನೊಂದು ಕೈಯಲ್ಲಿ ಹಾವಿನ ಚರ್ಮ ಸುತ್ತಿದ ಕೊಳಲನ್ನು ಊದುತ್ತಾನೆ. ಜೂನ್ 25ರಂದು ಸಂತ ಒರೋಸಿಯಾ ಅವರ ಹಬ್ಬದಲ್ಲಿ ಯೆಬ್ರಾ ದೆ ಬಾಸಾ ಎಂಬ ಹಳ್ಳಿಯ ಜನ ಬೆಟ್ಟಕ್ಕೆ ಯಾತ್ರೆ ಹೋಗುವಾಗ ಕೋಲಾಟದವರ ಹೆಜ್ಜೆಗೆ ಜೊತೆಯಾಗುವುದು ಈ ಎರಡರ ನಾದವೇ.

ಇನ್ನು ಅಡುಗೆಮನೆಯ ವಾದ್ಯಗಳನ್ನು ಮರೆಯುವಂತಿಲ್ಲ. ಕ್ರಿಸ್ಮಸ್ ಹಾಡುಗಳಿಗೆ ಸ್ಪೇನಿನ ಹೆಣ್ಣುಮಕ್ಕಳು ಹಿತ್ತಾಳೆಯ ಕುಟ್ಟಾಣಿಯನ್ನು ತಾಳವಾಗಿ ಬಡಿದರು. ಮೈಯೆಲ್ಲ ಗೀರುಗಳಿರುವ ಮದ್ಯದ ಬಾಟಲಿಯನ್ನು ಚಮಚದಿಂದ ಉಜ್ಜಿದರು. ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದು, ನಡುವೆ ಕಡ್ಡಿ ನೆಟ್ಟು, ಒದ್ದೆಯ ಕೈಯಿಂದ ಅದನ್ನು ಸವರಿ ಗುಟುರು ಹಾಕಿಸಿದರು. ಬಡವರ ಮನೆಯಲ್ಲಿ ಏನಿತ್ತೋ ಅದೇ ವಾದ್ಯವಾಯಿತು. ಈ ವಾದ್ಯಗಳನ್ನು ತೆಗೆದು ಪಿಯಾನೋ ಇಟ್ಟರೆ ರಾಗ ಉಳಿಯುತ್ತದೆ, ಆದರೆ ಆ ರಾಗವನ್ನು ಹಾಡಿದವರ ಮನೆ ಮಾಯವಾಗುತ್ತದೆ. ವಾದ್ಯ ಮುಖ್ಯವಾಗುವುದು ಈ ಕಾರಣಕ್ಕೆ. ಹಾಡು ಯಾರದು, ಅವರು ಹೇಗೆ ಬಾಳಿದರು ಎಂಬುದಕ್ಕೆ ವಾದ್ಯವೇ ಸಾಕ್ಷಿ.

ಇದು ವೇಷವಲ್ಲವೇ?

ಆದರೆ ಆಕ್ಷೇಪಣೆಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಬಾರದು. ಮೊದಲನೆಯದು: ಹಳೆಯ ವಾದ್ಯವನ್ನು ಮತ್ತೆ ಕಟ್ಟಬಹುದು, ಹಳೆಯ ಕಿವಿಯನ್ನು ಕಟ್ಟಲಾಗದು. ವಿಮಾನದ ಸದ್ದು, ರೇಡಿಯೋ ಸಂಗೀತ, ಸಿನಿಮಾ ಹಾಡು ಇವೆಲ್ಲವನ್ನೂ ಕೇಳಿ ಬೆಳೆದ ನಾವು 14ನೆಯ ಶತಮಾನದ ರೈತನಂತೆ ಕೇಳಬಲ್ಲೆವೇ? ಅಂದ ಮೇಲೆ ಈ ಪ್ರಯತ್ನವೆಲ್ಲ ನಾಟಕದ ಉಡುಪು ತೊಟ್ಟಂತೆ ಅಲ್ಲವೇ?

ಈ ಆಕ್ಷೇಪಣೆಗೆ ಉತ್ತರವನ್ನು ಒಂದು ಹಳೆಯ ಪುಸ್ತಕದ ಮೂಲಕ ನೋಡೋಣ. ಕತಲೋನಿಯಾದ ಮೊನ್ಸೆರಾತ್ ಬೆಟ್ಟದ ಮೇಲೆ ಬೆನೆಡಿಕ್ಟಿನ್ ಸಭೆಯವರ ಮಠವೊಂದಿದೆ. ಅಲ್ಲಿ ದೇವಮಾತೆಯ ಪ್ರಸಿದ್ಧ ಪುಣ್ಯಕ್ಷೇತ್ರವಿದೆ. 14ನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ಸನ್ಯಾಸಿಗಳು ಬರೆದಿಟ್ಟ ಹಸ್ತಪ್ರತಿಯನ್ನು, 19ನೆಯ ಶತಮಾನದಲ್ಲಿ ಅದಕ್ಕೆ ಹಾಕಿದ ಕೆಂಪು ಹೊದಿಕೆಯಿಂದಾಗಿ, 'ಕೆಂಪು ಪುಸ್ತಕ' ಎಂದು ಕರೆಯುತ್ತಾರೆ. ಅದರಲ್ಲಿ ಹತ್ತು ಹಾಡುಗಳಿವೆ. ಅವನ್ನು ಏಕೆ ಬರೆದರೆಂದು ಹಸ್ತಪ್ರತಿಯೇ ತಿಳಿಸುತ್ತದೆ. ಯಾತ್ರಾರ್ಥಿಗಳು ದೇವಾಲಯದಲ್ಲಿ ರಾತ್ರಿ ಜಾಗರಣೆ ಮಾಡುವಾಗ ಹಾಡಲು, ಹಗಲು ಹೊರಗಿನ ಚೌಕದಲ್ಲಿ ಕುಣಿಯಲು ಬಯಸುತ್ತಿದ್ದರು. ಅವರಿಗೆ ಭಕ್ತಿಗೆ ಒಪ್ಪುವ ಹಾಡುಗಳನ್ನು ಕೊಡಬೇಕೆಂದು ಸನ್ಯಾಸಿಗಳು ಇವನ್ನು ಬರೆದಿಟ್ಟರು. ಹಾಡುವುದನ್ನು ಅವರು ನಿಷೇಧಿಸಲಿಲ್ಲ ಎಂಬುದನ್ನು ಗಮನಿಸಿ. ಇವುಗಳಲ್ಲಿ ಕೆಲವು ಕೈಕೈ ಹಿಡಿದು ವೃತ್ತವಾಗಿ ಕುಣಿಯುವ ಹಾಡುಗಳು.

ಪುಸ್ತಕದಲ್ಲಿ ರಾಗವಿದೆ, ಪದಗಳಿವೆ. ಯಾವ ವಾದ್ಯ ಬಳಸಬೇಕೆಂದು ಮಾತ್ರ ಇಲ್ಲ. ಕತಲೋನಿಯಾದವರೇ ಆದ ಜೋರ್ದಿ ಸವಾಲ್ (ಜನನ 1941), ತಮ್ಮ ಪತ್ನಿ, ಗಾಯಕಿ ಮೊನ್ಸೆರಾತ್ ಫಿಗೇರಾಸ್ (1942-2011) ಮತ್ತು ಗೆಳೆಯರೊಡನೆ 1974ರಲ್ಲಿ 'ಹೆಸ್ಪೆರಿಯಾನ್' ತಂಡವನ್ನು ಕಟ್ಟಿ, 1970ರ ದಶಕದಲ್ಲಿಯೇ ಈ ಹಾಡುಗಳನ್ನು ಧ್ವನಿಮುದ್ರಿಸಿದರು. ಅವರು ವಾದ್ಯಗಳನ್ನು ತಾವೇ ಆರಿಸಬೇಕಾಯಿತು. ಆರಿಸುವುದು ಎಂದರೆ ಊಹಿಸುವುದು. ಆದರೆ ಊಹೆಯಲ್ಲಿಯೂ ಎರಡು ಬಗೆಯಿದೆ. ಆ ಕಾಲದ ಚಿತ್ರಗಳು, ಶಿಲ್ಪಗಳು, ಇಂದಿಗೂ ಹಳ್ಳಿಗಳಲ್ಲಿ ಉಳಿದಿರುವ ನುಡಿಸುವ ಕ್ರಮಗಳು, ಇವನ್ನೆಲ್ಲ ವಿನಯದಿಂದ ವಿಚಾರಿಸಿ ಊಹಿಸುವುದು ಒಂದು ಬಗೆ. ತನಗೆ ಇಷ್ಟಬಂದುದನ್ನು ಮಾಡಿ 'ಹಿಂದೆಯೂ ಹೀಗೆಯೇ ಇತ್ತು' ಎನ್ನುವುದು ಇನ್ನೊಂದು ಬಗೆ. ಮೊದಲನೆಯದು ಅರ್ಥೈಸುವಿಕೆ. ಎರಡನೆಯದು ಸುಳ್ಳು.

ಹಾಗಾದರೆ ವೇಷಕ್ಕೂ ನಿಷ್ಠೆಗೂ ಇರುವ ವ್ಯತ್ಯಾಸ ಹಳೆಯದನ್ನು ಎಷ್ಟು ನಿಖರವಾಗಿ ನಕಲು ಮಾಡಿದೆವು ಎಂಬುದರಲ್ಲಿಲ್ಲ. ಎಲ್ಲಿಯವರೆಗೆ ನಮಗೆ ತಿಳಿದಿದೆ, ಎಲ್ಲಿಂದ ನಮ್ಮ ಕೈ ಸೇರಿದೆ ಎಂಬ ಗೆರೆಯನ್ನು ಮರೆಮಾಚದೆ ಇರುವುದರಲ್ಲಿದೆ. ಹರಿದ ಬಟ್ಟೆಗೆ ತೇಪೆ ಹಾಕುವುದು ತಪ್ಪಲ್ಲ. ತೇಪೆಯನ್ನು ಮೂಲ ಬಟ್ಟೆಯೆಂದು ಮಾರುವುದು ತಪ್ಪು.

ಹಾಡನ್ನು ಮನೆಯಿಂದ ಹೊರಗೆ ಒಯ್ದರೆ?

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ಮಯೋರ್ಕಾ ದ್ವೀಪದ ದೇವಾಲಯಗಳಲ್ಲಿ ಡಿಸೆಂಬರ್ 24ರ ರಾತ್ರಿ ಒಂದು ಹಾಡು ಕೇಳಿಬರುತ್ತದೆ. ಹೆಸರು 'ಸಿಬಿಲ್ಲಾಳ ಗೀತೆ'. ಉದ್ದನೆಯ ನಿಲುವಂಗಿ ತೊಟ್ಟ ಬಾಲಕ ಅಥವಾ ಬಾಲಕಿ, ಮುಖದ ಮುಂದೆ ಕತ್ತಿಯನ್ನು ನೇರವಾಗಿ ಹಿಡಿದು, ದೀಪ ಹಿಡಿದ ಪೂಜಾಸೇವಕರೊಡನೆ ನಡೆದು ಬಂದು, ಅಂತಿಮ ತೀರ್ಪಿನ ದಿನವನ್ನು ಕುರಿತು ಹಾಡುತ್ತದೆ. ಕೊನೆಗೆ ಕತ್ತಿಯಿಂದ ಗಾಳಿಯಲ್ಲಿ ಶಿಲುಬೆಯ ಗುರುತು ಬರೆಯುತ್ತದೆ. ಈ ಭವಿಷ್ಯವಾಣಿಯ ಪದ್ಯಗಳ ಪ್ರಸ್ತಾಪ ಸಂತ ಅಗಸ್ಟೀನರ 'ದೇವರ ನಗರ' ಗ್ರಂಥದಲ್ಲಿಯೂ ಇದೆ. 16ನೆಯ ಶತಮಾನದ ಸುಧಾರಣೆಗಳ ಕಾಲದಲ್ಲಿ ಇದು ಬಹುತೇಕ ಕಡೆಗಳಿಂದ ಮರೆಯಾಯಿತು. ಮಯೋರ್ಕಾದಲ್ಲಿಯೂ ಇದಕ್ಕೆ ತಡೆ ಬಂದಿತ್ತು. ಆದರೆ ಅಲ್ಲಿಯ ಜನ ಬಹುಬೇಗ ಅದನ್ನು ಮರಳಿ ಪಡೆದರು. 2010ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಸವಾಲ್ ಅವರ ತಂಡ ಫಿಗೇರಾಸ್ ಅವರ ಕಂಠದಲ್ಲಿ ಇದನ್ನು 1988ರಲ್ಲಿ ಧ್ವನಿಮುದ್ರಿಸಿತು.

ಆ ಮುದ್ರಿಕೆ ಬಹಳ ಸುಂದರವಾಗಿದೆ. ಆದರೆ ಆಲೋಚಿಸಿ: ವರ್ಷಕ್ಕೊಂದೇ ರಾತ್ರಿ, ಚಳಿಯ ದೇವಾಲಯದಲ್ಲಿ, ತನ್ನ ಊರಿನ ಮಗುವೊಂದರ ನಡುಗುವ ದನಿಯಲ್ಲಿ ಕೇಳಬೇಕಾದ ಹಾಡನ್ನು ನಾನು ಜೂನ್ ತಿಂಗಳ ಮಧ್ಯಾಹ್ನ, ಚಹಾ ಕುಡಿಯುತ್ತಾ, ಬೇಡವೆನಿಸಿದಾಗ ನಿಲ್ಲಿಸುತ್ತಾ ಕೇಳಬಲ್ಲೆ. ತೀರ್ಪಿನ ಭಯ ಹುಟ್ಟಿಸಬೇಕಾದ ಹಾಡು ನನಗೆ ವಿಶ್ರಾಂತಿ ಕೊಡುತ್ತದೆ. ಇಲ್ಲಿ ಏನೋ ಕಳೆದುಹೋಗಿದೆ ಎಂಬುದನ್ನು ಒಪ್ಪಲೇಬೇಕು.

ಇದಕ್ಕಿಂತಲೂ ಕಠಿಣವಾದ ಉದಾಹರಣೆಯಿದೆ. ಅಮೆರಿಕದ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ 1952ರಲ್ಲಿ ಸ್ಪೇನಿಗೆ ಬಂದರು. ಅದು ಜನರಲ್ ಫ್ರಾಂಕೊ ಅವರ ಸರ್ವಾಧಿಕಾರದ ಕಾಲ. ಪೊಲೀಸರ ಕಣ್ಗಾವಲಿನ ನಡುವೆಯೂ ಭಾರವಾದ ಟೇಪ್ ಯಂತ್ರವನ್ನು ಹೊತ್ತು, ಸುಮಾರು ಏಳು ತಿಂಗಳು ಹಳ್ಳಿಹಳ್ಳಿ ಸುತ್ತಿ, ರೈತರ, ಕುರಿಗಾಹಿಗಳ, ಮೀನುಗಾರರ ಹಾಡುಗಳನ್ನು ಮುದ್ರಿಸಿದರು. ಗಲೀಸಿಯಾದಲ್ಲಿ ಅವರು ಒಬ್ಬ ಬಡ ಕಸುಬುದಾರನನ್ನು ಕಂಡರು. ಊರೂರು ತಿರುಗಿ ಹಂದಿಗಳ ಬೀಜ ಒಡೆಯುವುದು ಅವನ ವೃತ್ತಿ. ತಾನು ಬಂದಿದ್ದೇನೆಂದು ಊರಿಗೆ ತಿಳಿಸಲು ಸಾಲುಕೊಳವೆಗಳ ಪುಟ್ಟ ಕೊಳಲೊಂದನ್ನು ಊದುತ್ತಿದ್ದ. ಲೋಮ್ಯಾಕ್ಸ್ ಅದನ್ನೂ ಮುದ್ರಿಸಿ, ಅವನ ಹೆಸರನ್ನು ದಾಖಲೆಯಲ್ಲಿ ಬರೆದಿಟ್ಟರು. ಆ ರಾಗ ಗಿಲ್ ಎವಾನ್ಸ್ ಅವರ ಕಿವಿಗೆ ಬಿದ್ದು, ಮೈಲ್ಸ್ ಡೇವಿಸ್ ಅವರ ತುತ್ತೂರಿಯಲ್ಲಿ, 1960ರಲ್ಲಿ ಹೊರಬಂದ 'ಸ್ಕೆಚಸ್ ಆಫ್ ಸ್ಪೇನ್' ಎಂಬ ಜಗತ್ಪ್ರಸಿದ್ಧ ತಟ್ಟೆಯನ್ನು ಸೇರಿತು. ರಚನೆಕಾರನ ಜಾಗದಲ್ಲಿ ಬಂದುದು ಎವಾನ್ಸ್ ಅವರ ಹೆಸರು.

ಎವಾನ್ಸ್ ಮತ್ತು ಡೇವಿಸ್ ಆ ರಾಗದಿಂದ ಹೊಸದೊಂದನ್ನು ಸೃಷ್ಟಿಸಿದರು, ನಿಜ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೂ ನನ್ನ ಮನಸ್ಸು ಆ ಕೊಳಲಿನವನ ಹಿಂದೆಯೇ ಹೋಗುತ್ತದೆ. ಹಾಡನ್ನು ಕೊಟ್ಟವನ ಹೆಸರನ್ನು ಹೇಳಲು ಎಷ್ಟು ಖರ್ಚು ತಗಲುತ್ತಿತ್ತು? 'ಜನಪದ' ಎಂಬ ಪದ ಕೆಲವೊಮ್ಮೆ ಗೌರವದ ಪದ. ಕೆಲವೊಮ್ಮೆ ಸಾಲ ತೀರಿಸದೆ ನುಣುಚಿಕೊಳ್ಳುವ ದಾರಿ. ಎಲ್ಲರದು ಎಂದೊಡನೆ ಯಾರದೂ ಅಲ್ಲ ಎಂದಾಗುತ್ತದೆ. ಯಾರದೂ ಅಲ್ಲದ್ದು ಸಿಕ್ಕವರದಾಗುತ್ತದೆ. ಲೋರ್ಕಾ ಈ ವಿಷಯದಲ್ಲಿ ಕೃತಜ್ಞರಾಗಿದ್ದರು. 1928ರಲ್ಲಿ ಲಾಲಿಹಾಡುಗಳನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ, ಸಿರಿವಂತರ ಮಕ್ಕಳಿಗೆ ನಾಡಿನ ಹಾಡುಗಳನ್ನೂ ಕಥೆಗಳನ್ನೂ ಉಣಿಸಿದವರು ಮನೆಗೆಲಸದ ಬಡ ಹೆಂಗಸರು ಎಂದು ಅವರು ನೆನೆದರು.

ಹಾಗಾದರೆ ಧ್ವನಿಮುದ್ರಣವೇ ಬೇಡವೇ? ಹಾಗೆನ್ನಲೂ ಆಗದು. ಲೋಮ್ಯಾಕ್ಸ್ ಹೋಗಿರದಿದ್ದರೆ ಆ ಕೊಳಲಿನ ದನಿ ಊದುವವನೊಂದಿಗೇ ಮಣ್ಣಾಗುತ್ತಿತ್ತು. ಹಳ್ಳಿಯ ಯುವಕರು ಕಾರ್ಖಾನೆ ಕೆಲಸಕ್ಕೆ ನಗರಗಳಿಗೆ ಹೋದರು. ಹೊಲಕ್ಕೆ ಟ್ರ್ಯಾಕ್ಟರ್ ಬಂದಿತು, ಕೊಯ್ಲಿನ ಹಾಡು ನಿಂತಿತು. ಹಾಡಿಗೆ ಆಸರೆಯಾಗಿದ್ದ ಕೆಲಸವೇ ಇಲ್ಲವಾದಾಗ ಹಾಡನ್ನು ಮಾತ್ರ ದೂರಿ ಫಲವಿಲ್ಲ. ಮುದ್ರಿಕೆ ಹಾಡಿಗೆ ಮನೆಯಲ್ಲ. ಮನೆ ಸುಟ್ಟಾಗ ಹೊರಗೆ ತಂದು ಮಲಗಿಸಿದ ಮಂಚ. ಅದರ ಮೇಲೆಯೇ ಕೊನೆಯವರೆಗೂ ಬಿಡಬಾರದು ಅಷ್ಟೇ.

ಕಾಪಾಡುವವನೇ ಒಡೆಯನಾದಾಗ

ಮೂರನೆಯ ಅಪಾಯವೊಂದಿದೆ. ಕಾಪಾಡುತ್ತೇನೆಂದು ಬಂದವನು ಒಡೆಯನಾಗಿ ಕೂರುವುದು. ಫ್ರಾಂಕೊ ಆಳ್ವಿಕೆ ಜನಪದ ಹಾಡು ಕುಣಿತಗಳನ್ನು ನಿಷೇಧಿಸಲಿಲ್ಲ; ಬಹಳವಾಗಿ ಮೆರೆಸಿತು. ಆಳುವ ಪಕ್ಷದ ಮಹಿಳಾ ವಿಭಾಗ ಪ್ರತಿ ಸೀಮೆಯಲ್ಲಿಯೂ ಹಾಡು ಕುಣಿತದ ತಂಡಗಳನ್ನು ಕಟ್ಟಿ, ಚೆಂದದ ಉಡುಪು ತೊಡಿಸಿ, ದೇಶವಿದೇಶಗಳಲ್ಲಿ ಪ್ರದರ್ಶಿಸಿತು. ಆ ಮಹಿಳೆಯರು ಹಳ್ಳಿಗಳಲ್ಲಿ ಸಾವಿರಾರು ಹಾಡುಗಳನ್ನು ಸಂಗ್ರಹಿಸಿದರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಅದೇ ಕಾಲದಲ್ಲಿ ಕತಲಾನ್, ಬಾಸ್ಕ್, ಗಲೀಸಿಯನ್ ಭಾಷೆಗಳನ್ನು ಶಾಲೆ, ಕಚೇರಿಗಳಿಂದ ಹೊರಗಿಡಲಾಗಿತ್ತು. ಒಂದು ಸೀಮೆಯ ನಡುಪಟ್ಟಿಯನ್ನು ಹೊಗಳುತ್ತಾ ಅದರ ನಾಲಿಗೆಯನ್ನು ಕಟ್ಟಿದರೆ ಅದು ಎಂಥ ಪ್ರೀತಿ?

ಸೆಗೋವಿಯಾದ ಅಗಪೀತೊ ಮರಸುಯೆಲಾ (1891-1983) ಅವರ ಬದುಕನ್ನು ನೋಡಿ. ದುಲ್ಸೈನಾ ನುಡಿಸುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಊರೂರು ಅಲೆದು ವೃದ್ಧರಿಂದ ಹಾಡುಗಳನ್ನು ಕೇಳಿ ಬರೆದುಕೊಂಡ ಅವರ ಸಂಗ್ರಹಕ್ಕೆ 1932ರಲ್ಲಿ ರಾಷ್ಟ್ರೀಯ ಬಹುಮಾನ ಬಂದಿತು. ಅಂತರ್ಯುದ್ಧ ಮುಗಿದ ಮೇಲೆ, ಸೋತವರ ಪಕ್ಷದಲ್ಲಿದ್ದ ಕಾರಣಕ್ಕೆ, ಅವರು ವರ್ಷಗಟ್ಟಲೆ ಸೆರೆಮನೆಯಲ್ಲಿ ಕಳೆದರು. ಅವರ ಸಂಗ್ರಹ ಅಚ್ಚಾದುದು 1964ರಲ್ಲಿ, ತಮ್ಮನ್ನು ಸೆರೆಯಲ್ಲಿಟ್ಟ ಆಳ್ವಿಕೆಯದೇ ಪ್ರಾಂತೀಯ ಕಚೇರಿಯಿಂದ! ಹಾಡು ಬೇಕಾಗಿತ್ತು, ಹಾಡುಗಾರ ಬೇಡವಾಗಿದ್ದ. ಆದರೂ ಆ ಹಿರಿಯರು ಕಹಿಯಾಗಲಿಲ್ಲ, ಬಾಗಿಲು ಮುಚ್ಚಲಿಲ್ಲ. ಮುಪ್ಪಿನಲ್ಲಿ ಸೆಗೋವಿಯಾದ ಯುವಕರನ್ನು ಕೂರಿಸಿಕೊಂಡು ದುಲ್ಸೈನಾ ಕಲಿಸಿದರು. ಇಂದು ಕಸ್ತೀಲಿನ ಹಬ್ಬಗಳಲ್ಲಿ ಆ ವಾದ್ಯ ಮೊಳಗುತ್ತಿರುವುದರ ಹಿಂದೆ ಅವರ ಕೈಯಿದೆ.

ಇನ್ನೊಂದು ವಿಷಯ. ಮರಸುಯೆಲಾ ನುಡಿಸುತ್ತಿದ್ದ ದುಲ್ಸೈನಾಕ್ಕೆ ಲೋಹದ ಕೀಲಿಗಳಿದ್ದವು. ಅವನ್ನು ಅಳವಡಿಸಿದವರು ಅವರ ಗುರು, ವಾಯಾದೊಲಿದ್ ಸೀಮೆಯ ಆಂಹೆಲ್ ವೆಲಾಸ್ಕೊ (1863-1927). ಅಂದರೆ 'ಪ್ರಾಚೀನ' ವಾದ್ಯವೇ ಒಂದು ತಲೆಮಾರಿನ ಹಿಂದೆ ಹೊಸತಾಗಿತ್ತು. ಪರಂಪರೆ ನಿಂತ ನೀರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಬದಲಾವಣೆ ನಿಷ್ಠೆಗೆ ಶತ್ರುವಲ್ಲ. ಪ್ರೀತಿಯಿಲ್ಲದ ಬದಲಾವಣೆ ಶತ್ರು. ಪ್ರೀತಿಯಿಲ್ಲದ ರಕ್ಷಣೆಯೂ ಶತ್ರುವೇ.

ಹಾಡಿನ ನಿಜವಾದ ವಾರಸುದಾರರು ಯಾರು ಎಂಬ ಪ್ರಶ್ನೆಗೆ ಇತಿಹಾಸ ಕೊಟ್ಟ ಒಂದು ಉತ್ತರ ನಮ್ಮನ್ನು ನಾಚಿಸಬೇಕು. 1492ರಲ್ಲಿ ಸ್ಪೇನಿನ ಕ್ರೈಸ್ತ ಅರಸರು ಮತಾಂತರಕ್ಕೆ ಒಪ್ಪದ ಯೆಹೂದ್ಯರನ್ನು ದೇಶದಿಂದ ಹೊರಹಾಕಿದರು. ಅವರು ಮೊರೊಕ್ಕೊಗೆ, ಗ್ರೀಸಿನ ಥೆಸಲೊನೀಕಿಗೆ, ತುರ್ಕಿಗೆ ಹೋಗಿ ನೆಲೆಸಿದರು. ತಮ್ಮನ್ನು ಅಟ್ಟಿದ ನಾಡಿನ ಭಾಷೆಯನ್ನೂ ಕಥನಗೀತೆಗಳನ್ನೂ ಅವರ ಹೆಂಗಸರು ಮಕ್ಕಳಿಗೆ ಹಾಡುತ್ತಾ ಬಂದರು. 20ನೆಯ ಶತಮಾನದಲ್ಲಿ ವಿದ್ವಾಂಸರು ಹುಡುಕಿಕೊಂಡು ಹೋದಾಗ, ಸ್ಪೇನಿನಲ್ಲಿಯೇ ಮರೆತುಹೋಗಿದ್ದ ಹಳೆಯ ಹಾಡುಗಳು ಅವರ ಬಾಯಲ್ಲಿ ಸಿಕ್ಕವು. 1943ರಲ್ಲಿ ನಾತ್ಸಿಗಳು ಥೆಸಲೊನೀಕಿಯ ಯೆಹೂದ್ಯರಲ್ಲಿ ಬಹುಪಾಲು ಜನರನ್ನು ಆಶ್ವಿಟ್ಸ್ ಶಿಬಿರಕ್ಕೆ ಸಾಗಿಸಿ ಕೊಂದರು. ಆ ಹಾಡುಗಳ ಒಂದು ದೊಡ್ಡ ಕಣಜ ಹಾಗೆ ಬರಿದಾಯಿತು. ಸವಾಲ್ ಅವರ ತಂಡ ಮುದ್ರಿಸಿದ ಸೆಫಾರ್ದಿ ಹಾಡುಗಳನ್ನು ಕೇಳುವಾಗ ಕ್ರೈಸ್ತರಾದ ನಾವು ರಾಗದ ಸೊಗಸನ್ನು ಮಾತ್ರ ಸವಿದು ಎದ್ದುಬಿಡುವಂತಿಲ್ಲ.

ಒಂದೇ ಪದ, ಎರಡು ಕೆಲಸ

ಪರಂಪರೆ ಎಂಬ ಅರ್ಥದ ಲತೀನ್ ಪದದ ಮೂಲ 'ಕೈಗೆ ಒಪ್ಪಿಸು' ಎಂಬ ಕ್ರಿಯಾಪದ. ಅದೇ ಮೂಲದಿಂದ 'ದ್ರೋಹಿ' ಎಂಬ ಪದವೂ ಹುಟ್ಟಿದೆ. ಗ್ರೀಕ್ ಭಾಷೆಯಲ್ಲಿಯೂ ಹೀಗೆಯೇ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ, ಪ್ರಭುವಿನ ಭೋಜನವನ್ನು ಕುರಿತು ತಾವು ಪಡೆದುದನ್ನೇ ಅವರಿಗೆ ಒಪ್ಪಿಸಿದುದಾಗಿ ಹೇಳುತ್ತಾರೆ. ಅದೇ ವಾಕ್ಯದಲ್ಲಿ ಯೇಸುವನ್ನು ಹಿಡಿದುಕೊಟ್ಟ ರಾತ್ರಿಯ ಮಾತು ಬರುತ್ತದೆ. ಮೂಲದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಪೌಲರು ಒಪ್ಪಿಸಿದುದೂ ಅದೇ ಪದ, ಯೂದನು ಒಪ್ಪಿಸಿದುದೂ ಅದೇ ಪದ.

ನಾನು ಇದನ್ನು ಮೊದಲು ತಿಳಿದಾಗ ಬಹಳ ಹೊತ್ತು ಸುಮ್ಮನೆ ಕುಳಿತೆ. ಕೈಯಿಂದ ಕೈಗೆ ದಾಟಿಸುವ ಕೆಲಸ ಹೊರಗಿನಿಂದ ನೋಡಿದರೆ ಒಂದೇ ತೆರನಾಗಿ ಕಾಣಬಹುದು. ಒಬ್ಬನು ಪಡೆದವರ ಹಿತಕ್ಕಾಗಿ ಒಪ್ಪಿಸುತ್ತಾನೆ, ಇನ್ನೊಬ್ಬನು ತನ್ನ ಲಾಭಕ್ಕಾಗಿ. ಒಬ್ಬನು ಎಲ್ಲಿಂದ ಪಡೆದೆನೆಂದು ಹೇಳುತ್ತಾನೆ, ಇನ್ನೊಬ್ಬನು ಅದನ್ನು ಮುಚ್ಚಿಡುತ್ತಾನೆ. ಹಾಡಿನ ಸಂಗ್ರಾಹಕ, ಗಾಯಕ, ಶಿಕ್ಷಕ, ತಂದೆ, ತಾಯಿ, ಇವರೆಲ್ಲರೂ ಪ್ರತಿದಿನ ಈ ಎರಡರ ನಡುವಣ ಗೆರೆಯ ಮೇಲೆಯೇ ನಡೆಯುತ್ತಾರೆ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡದೆ ಈ ಲೇಖನವನ್ನು ಮುಗಿಸಿದರೆ ಅದು ಪ್ರಾಮಾಣಿಕವಾಗದು. ನಮ್ಮ ತಾಯಿಯವರು ತಪಸ್ಸುಕಾಲದ ಸಂಜೆಗಳಲ್ಲಿ, ದೀಪ ಹಚ್ಚಿದ ಮೇಲೆ, ಯೇಸುಸ್ವಾಮಿಯ ಪಾಡನ್ನು ಕುರಿತ ಹಾಡೊಂದನ್ನು ಹಾಡುತ್ತಿದ್ದರು. ಅವರು ಅದನ್ನು ತಮ್ಮ ಅಜ್ಜಿಯಿಂದ ಕಲಿತಿದ್ದರು. ಯಾವ ಪುಸ್ತಕದಲ್ಲಿಯೂ ನಾನು ಅದನ್ನು ಕಂಡಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಹೊಸದಾಗಿ ಬಂದ ಟೇಪ್ ರೆಕಾರ್ಡರಿನಲ್ಲಿ, ಆಟಕ್ಕೆಂಬಂತೆ, ಅದನ್ನು ಮುದ್ರಿಸಿದೆ. ಕೆಲವು ತಿಂಗಳುಗಳ ನಂತರ ಬೇರೆ ಕ್ಯಾಸೆಟ್ ಕೊಳ್ಳಲು ಹಣವಿಲ್ಲದೆ ಅದರ ಮೇಲೆಯೇ ಚಿತ್ರಗೀತೆಗಳನ್ನು ಮುದ್ರಿಸಿಕೊಂಡೆ. ತಾಯಿಯವರಿಗೆ ತಿಳಿದಾಗ ಅವರು ನಕ್ಕು ಸುಮ್ಮನಾದರು. ಬೇಕಾದಾಗ ಮತ್ತೆ ಹಾಡಿದರಾಯಿತು ಎಂದುಕೊಂಡಿದ್ದೆವು. ಆ 'ಮತ್ತೆ' ಬರಲಿಲ್ಲ.

ಆದರೆ ನಾನು ಹೇಳಬೇಕೆಂದ ತಪ್ಪು ಅದಲ್ಲ. ಅದು ಹುಡುಗತನದ ಅಜಾಗ್ರತೆ. ವರ್ಷಗಳ ನಂತರ ನನ್ನ ಮಗಳು ಅಜ್ಜಿಯ ಹಾಡನ್ನು ಕಲಿಸೆಂದು ಕೇಳಿದಳು. ನನಗೆ ರಾಗ ನೆನಪಿತ್ತು, ಮೊದಲ ಎರಡು ಚರಣಗಳಿದ್ದವು, ಮುಂದಿನವು ಮರೆತುಹೋಗಿದ್ದವು. ನಾನೇ ಎರಡು ಚರಣ ಕಟ್ಟಿ ಸೇರಿಸಿ, ಎಲ್ಲವೂ ಅಜ್ಜಿಯದೇ ಎಂದು ಕಲಿಸಿದೆ. ಅವಳು ಭಕ್ತಿಯಿಂದ ಕಲಿತು ದೇವಾಲಯದಲ್ಲಿ ಹಾಡಿದಳು. ಜನ ಮೆಚ್ಚಿದರು. ವಿಶೇಷವಾಗಿ ನಾಲ್ಕನೆಯ ಚರಣವನ್ನು ಹೊಗಳಿ, ಹಳೆಯ ಕಾಲದವರ ಭಕ್ತಿಯೇ ಬೇರೆ ಎಂದರು. ನಾನು ತಲೆಯಾಡಿಸಿದೆ.

ಚರಣ ಕಟ್ಟಿದುದು ತಪ್ಪಲ್ಲ. ಕಲ್ಲಿನ ವಾದ್ಯಗಳಿಗೆ ತಂತಿ ಬಿಗಿದವರೂ ಅದನ್ನೇ ಮಾಡಿದರು. ಆದರೆ ಅವರು ತಮ್ಮದನ್ನು ತಮ್ಮದೆಂದರು. ನಾನು ನನ್ನದನ್ನು ತಾಯಿಯದೆಂದೆ. ಅವರ ಬಾಯಲ್ಲಿ ಅವರಾಡದ ಮಾತನ್ನಿಟ್ಟೆ, ಮಗಳ ನಂಬಿಕೆಯ ಮೇಲೆ ಸುಳ್ಳಿನ ಕಲ್ಲೊಂದನ್ನು ಕೂರಿಸಿದೆ. ಹೊಗಳಿಕೆ ಕೇಳಿದಾಗ ಒಳಗೊಳಗೇ ಹಿಗ್ಗಿದುದೂ ನಿಜ. ಇದನ್ನು ಮಗಳಿಗೆ ಹೇಳಲು ನನಗೆ ಎರಡು ತಪಸ್ಸುಕಾಲಗಳು ಬೇಕಾದವು. ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಹಾಡಿನ ಪುಸ್ತಕ ತಂದು, ಮೊದಲ ಎರಡು ಚರಣಗಳ ಪಕ್ಕದಲ್ಲಿ 'ಅಜ್ಜಿ' ಎಂದೂ, ಮುಂದಿನ ಎರಡರ ಪಕ್ಕದಲ್ಲಿ 'ಅಪ್ಪ' ಎಂದೂ ಬರೆದಳು. ನಾಲ್ಕು ಚರಣಗಳನ್ನೂ ಅವಳು ಈಗಲೂ ಹಾಡುತ್ತಾಳೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಒಪ್ಪಿಸಬೇಕಾದುದು ಏನಾದರೂ ಇದ್ದೇ ಇರುತ್ತದೆ. ಹಾಡೋ, ಜಪವೋ, ಹಬ್ಬದ ಅಡುಗೆಯ ಕ್ರಮವೋ, ಹಿರಿಯರ ಒಂದು ಮಾತೋ. ಅದನ್ನು ಒಪ್ಪಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದನ್ನು ನನಗೆ ಕೊಟ್ಟವರ ಹೆಸರನ್ನು ಹೇಳುತ್ತಿದ್ದೇನೆಯೇ? ಇದರಲ್ಲಿ ನನ್ನ ಕೈ ಸೇರಿರುವುದು ಎಲ್ಲಿಂದ ಎಂದು ತಿಳಿಸುತ್ತಿದ್ದೇನೆಯೇ? ಪಡೆಯುವವರು ಇದನ್ನು ತಮ್ಮದಾಗಿಸಿಕೊಂಡು ಮುಂದೆ ಒಯ್ಯಲು ಬಿಡುತ್ತಿದ್ದೇನೆಯೇ?

ಹಿರಿಯರು ಇನ್ನೂ ಮನೆಯಲ್ಲಿದ್ದರೆ ಈ ಸಂಜೆಯೇ ಅವರ ಪಕ್ಕದಲ್ಲಿ ಕುಳಿತು ಕೇಳಿ. ಮುದ್ರಿಸಿಕೊಳ್ಳಲು ಇಂದು ಪ್ರತಿ ಕೈಯಲ್ಲಿಯೂ ಯಂತ್ರವಿದೆ. ಮುದ್ರಿಸಿದ ಮೇಲೆ ಅದನ್ನು ಅಲ್ಲಿಗೇ ಬಿಡದೆ, ಅವರಿಂದ ಒಂದು ಚರಣವನ್ನಾದರೂ ಕಲಿತು, ಅವರ ಮುಂದೆಯೇ ಹಾಡಿ ತೋರಿಸಿ. ತಪ್ಪಾದರೆ ತಿದ್ದಲು ಅವರಿದ್ದಾರೆ.